ತೆರೆಯ ದುರ್ಗ, ಕಲ್ಲಿನ ದುರ್ಗ

ನಮ್ಮ ಹಿರಿಯರು ಊರು ಬಿಟ್ಟು ಹೊರಟರೆಂದರೆ ತೀರ್ಥಕ್ಕೆ ಹೋಗುತ್ತಿದ್ದರು, ಇಲ್ಲವೇ ಜಾತ್ರೆಗೆ, ಅದೂ ಇಲ್ಲದಿದ್ದರೆ ನೆಂಟರ ಮನೆಯ ಮದುವೆಗೆ. ಈಗ ಹೊಸದೊಂದು ಯಾತ್ರೆ ಹುಟ್ಟಿಕೊಂಡಿದೆ. ಸಿನಿಮಾ ತೆಗೆದ ಸ್ಥಳವನ್ನು ಹುಡುಕಿಕೊಂಡು ಹೋಗುವುದು, ನಾಯಕ ನಿಂತ ಬಂಡೆಯ ಮೇಲೆ ತಾವೂ ನಿಂತು ಬರುವುದು. ಇದನ್ನು ಕಂಡು ಮೂಗು ಮುರಿಯುವ ಮಹನೀಯರು ಇಲ್ಲದಿಲ್ಲ. ನನಗಾದರೋ ಇದು ಅಂಥ ಹೊಸ ಹುಚ್ಚೆಂದು ತೋರುವುದಿಲ್ಲ. ರಾಮ ಕಾಲೂರಿದ ಕಲ್ಲು, ಭೀಮ ಒರಗಿದ ಗುಡ್ಡ, ಸೀತೆ ಮಿಂದ ಹೊಂಡ ಎಂದು ಊರಿಗೊಂದು ಕಥೆ ಕಟ್ಟಿಕೊಂಡು ನೋಡಲು ಹೋದವರ ಮೊಮ್ಮಕ್ಕಳಲ್ಲವೇ ನಾವು? ಕಥೆಯನ್ನು ಕೇಳಿದ ಮೇಲೆ ಅದು ನಡೆದ ನೆಲವನ್ನು ಮುಟ್ಟಿ ನೋಡಬೇಕೆಂಬ ಆಸೆ ಬಹಳ ಹಳೆಯದು.

ಅಜ್ಜಂಪುರದಲ್ಲಿ ಇರುವವನಿಗೆ ಈ ಯಾತ್ರೆ ಸುಲಭ. ಬೀರೂರಿನಿಂದ ರೈಲು ಹಾದಿ ಎರಡಾಗಿ ಒಡೆಯುತ್ತದೆ. ಒಂದು ತರೀಕೆರೆ, ಶಿವಮೊಗ್ಗಗಳ ಮೇಲೆ ತಾಳಗುಪ್ಪದ ಕಡೆಗೆ ಮಲೆನಾಡಿಗೆ ಇಳಿಯುತ್ತದೆ. ಇನ್ನೊಂದು ನಮ್ಮೂರಿನ ಮೇಲೆ ಹಾದು, ಹೊಸದುರ್ಗ ರೋಡ್ ದಾಟಿ, ಚಿಕ್ಕಜಾಜೂರಿಗೆ ಹೋಗುತ್ತದೆ. ಅಲ್ಲಿ ಗಾಡಿ ಬದಲಾಯಿಸಿದರೆ ಚಿತ್ರದುರ್ಗ. ಮೊದಲನೆಯ ಹಾದಿಯಲ್ಲಿ ‘ಮಾಲ್ಗುಡಿ’ ಸಿಕ್ಕುತ್ತದೆ, ಎರಡನೆಯದರಲ್ಲಿ ‘ನಾಗರಹಾವು’. ಎರಡನ್ನೂ ನಾನು ನೋಡಿ ಬಂದಿದ್ದೇನೆ.

ಮಾಲ್ಗುಡಿಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದು ಸಿನಿಮಾ ಅಲ್ಲ, ಶಂಕರನಾಗ್ ಅವರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ತೆಗೆದ ಧಾರಾವಾಹಿ. ಆದರೂ ಯಾವ ಸಿನಿಮಾಕ್ಕೂ ಕಡಿಮೆಯಿಲ್ಲದಂತೆ ಜನರ ಮನಸ್ಸಿನಲ್ಲಿ ನಿಂತಿದೆ. ಆರ್. ಕೆ. ನಾರಾಯಣರು ಕಲ್ಪಿಸಿದ ಊರು ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಶಂಕರನಾಗ್ ಅದಕ್ಕೆ ಆಗುಂಬೆಯ ಬೀದಿಗಳನ್ನು ಕೊಟ್ಟರು, ಅರಸಾಳಿನ ಪುಟ್ಟ ರೈಲು ನಿಲ್ದಾಣವನ್ನು ಕೊಟ್ಟರು. ಆಗ ಆ ಹಾದಿಯಲ್ಲಿ ಓಡುತ್ತಿದ್ದುದು ಮೀಟರ್ ಗೇಜ್ ಗಾಡಿ. ಹಳಿ ಈಗ ಅಗಲವಾಗಿದೆ. ಅರಸಾಳಿನ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಇಲ್ಲದ ಊರಿಗೆ ಇರುವ ನಿಲ್ದಾಣ! ಇಲ್ಲಿ ಕಥೆ ಇತಿಹಾಸದ ಮೇಲೆ ಸವಾರಿ ಮಾಡಿಲ್ಲ. ಸುಮ್ಮನೆ ಖಾಲಿ ಬೆಂಚಿನ ಮೇಲೆ ಬಂದು ಕುಳಿತಿದೆ. ಯಾರಿಗೂ ನಷ್ಟವಿಲ್ಲ.

ರಾಮನಗರದ ಕಥೆಯೂ ಹಾಗೆಯೇ. ರಾಮದೇವರ ಬೆಟ್ಟದ ಬುಡದಲ್ಲಿ 1973ರಿಂದ ‘ಶೋಲೆ’ ತೆಗೆದರು. ಕಟ್ಟಿದ ಹಳ್ಳಿ ಕೆಲಸ ಮುಗಿದ ಮೇಲೆ ಮಾಯವಾಯಿತು, ಬಂಡೆಗಳು ಉಳಿದವು. ಅಲ್ಲಿಗೆ ಹೋದವರು ರೈಲು ದರೋಡೆಯ ಜಾಗ ಎಲ್ಲಿ ಎಂದು ಕೇಳುತ್ತಾರೆ. ಅದನ್ನು ತೆಗೆದದ್ದು ಮುಂಬಯಿಯ ಕಡೆ. ಅದೇ ಬೆಟ್ಟದ ಮೇಲೆ ಗೂಡು ಕಟ್ಟುವ ರಣಹದ್ದುಗಳಿಗಾಗಿ 2012ರಲ್ಲಿ ಒಂದು ರಕ್ಷಿತ ಧಾಮವೇ ಆಯಿತೆಂಬುದನ್ನು ಕೇಳುವವರು ಕಡಿಮೆ.

ಆದರೆ ಚಿತ್ರದುರ್ಗದ ವಿಷಯ ಬೇರೆ. ಅಲ್ಲಿ ಸಿನಿಮಾ ಬಂದು ಕುಳಿತದ್ದು ಖಾಲಿ ಬೆಂಚಿನ ಮೇಲಲ್ಲ.

ನಮ್ಮೂರಿನಿಂದ ಆ ಕಡೆಗೆ ಹೊರಟಾಗಲೆಲ್ಲ ನನಗೆ ಒಂದು ವಿಚಿತ್ರ ನೆನಪಾಗುತ್ತದೆ. ಅಜ್ಜಂಪುರಕ್ಕೆ ಹೆಸರು ಬಂದಿರುವುದು ಅಮೃತ ಮಹಲ್ ದನಗಳಿಂದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನ್ನಿಸಿಕೊಂಡಿದ್ದ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತ ಮಹಲ್ ಎಂಬ ಹೆಸರಿಟ್ಟನು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಈ ಎತ್ತುಗಳ ನಿಜವಾದ ಕೀರ್ತಿ ಫಿರಂಗಿ ಎಳೆದದ್ದರಲ್ಲಿ. ಚಿದಂಬರದ ನೆರವಿಗೆ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಇವುಗಳ ಬಲದಿಂದಲೇ ಎಂದು ಹೇಳುತ್ತಾರೆ. ಅಂಥ ಹೈದರನಿಗೂ ಬಹುಕಾಲ ಬಗ್ಗದೆ ನಿಂತ ಕೋಟೆ ಚಿತ್ರದುರ್ಗ. ದನದ ಊರಿನಿಂದ ಹೊರಟು ಕೋಟೆಯ ಊರಿಗೆ ಸೇರುವ ಈ ಪ್ರಯಾಣ, ಒಂದು ರೀತಿಯಲ್ಲಿ, ಹೈದರನ ಸೈನ್ಯದ ಹಿಂದೆಯೇ ನಡೆದಂತೆ.

ಕೋಟೆಯ ಬಾಗಿಲಿನಲ್ಲಿ ನನಗೆ ಸಿಕ್ಕ ಮಾರ್ಗದರ್ಶಿ ಮಧ್ಯವಯಸ್ಸಿನ ಮನುಷ್ಯ. “ಏನೇನ್ ನೋಡ್ತೀರಾ ಸಾರ್? ರಾಮಾಚಾರಿ ಹತ್ತಿದ್ ಬಂಡೆ ತೋರಿಸ್ಲೋ, ಓಬವ್ವನ ಕಿಂಡಿ ತೋರಿಸ್ಲೋ?” ಎಂದ. “ಮೊದಲು ಏನಿದೆಯೋ ಅದನ್ನು ತೋರಿಸಪ್ಪ” ಎಂದೆ. “ಎಲ್ಲಾ ಇದೆ ಸಾರ್. ಜನ ಕೇಳೋದು ಇವೆರಡೇ” ಎಂದು ನಕ್ಕ. ಅವನ ಮಾತು ಸುಳ್ಳಲ್ಲ.

‘ನಾಗರಹಾವು’ ತೆರೆಗೆ ಬಂದದ್ದು 1972ರ ಡಿಸೆಂಬರಿನಲ್ಲಿ. ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ಮಾಡಿದ ಚಿತ್ರ. ವಿಷ್ಣುವರ್ಧನ್ ರಾಮಾಚಾರಿಯಾದರು, ಅಂಬರೀಷ್ ಜಲೀಲನಾಗಿ ಮೊದಲ ಸಲ ಕಾಣಿಸಿಕೊಂಡರು, ಅಶ್ವತ್ಥರು ಚಾಮಯ್ಯ ಮೇಷ್ಟ್ರಾಗಿ ನಾಡಿನ ಎಲ್ಲ ಮೇಷ್ಟ್ರುಗಳಿಗೂ ಮಾದರಿಯಾದರು. ಕಥೆ ಈ ಕಾಲದ್ದು: ಒಬ್ಬ ಮುಂಗೋಪದ ಹುಡುಗ, ಇಬ್ಬರು ಹುಡುಗಿಯರು, ಅವನನ್ನು ಅರಿತ ಒಬ್ಬ ಗುರು. ಇದರ ನಡುವೆ ಒಂದು ಹಾಡು. ಆ ಹಾಡಿನಲ್ಲಿ ಒನಕೆ ಹಿಡಿದ ಓಬವ್ವನಾಗಿ ಜಯಂತಿ. ಪಿ. ಬಿ. ಶ್ರೀನಿವಾಸರ ದನಿ, ವಿಜಯಭಾಸ್ಕರರ ಸಂಗೀತ. ಕೆಲವೇ ನಿಮಿಷಗಳ ಆ ಹಾಡು ಮಿಕ್ಕ ಚಿತ್ರಕ್ಕಿಂತ ದೂರ ನಡೆಯಿತೆಂದು ನನ್ನ ಅಭಿಪ್ರಾಯ.

ದುರ್ಗದ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಥೆ ಎಲ್ಲರಿಗೂ ಗೊತ್ತಿರುವುದೇ. ಕಾವಲುಗಾರ ಕಹಳೆ ಮುದ್ದಹನುಮ ಊಟಕ್ಕೆ ಕುಳಿತಿದ್ದ. ಹೆಂಡತಿ ನೀರು ತರಲು ತಣ್ಣೀರು ದೋಣಿಗೆ ಹೋದಳು. ಕಿಂಡಿಯಲ್ಲಿ ಹೈದರನ ಸಿಪಾಯಿಗಳ ಸದ್ದು ಕೇಳಿತು. ಉಣ್ಣುವವನನ್ನು ಎಬ್ಬಿಸಲಾರದೆ ಕೈಗೆ ಸಿಕ್ಕ ಒನಕೆಯಿಂದ, ನುಸುಳಿ ಬಂದ ತಲೆಗಳನ್ನು ಒಂದೊಂದಾಗಿ ಜಜ್ಜಿದಳು. ಆ ಕಿಂಡಿಯನ್ನು ಕಣ್ಣಾರೆ ಕಂಡಾಗಲೇ ಈ ಕಥೆಯ ಕಸುವು ತಿಳಿಯುವುದು. ಒಬ್ಬರೇ, ಅದೂ ಮೈ ಬಗ್ಗಿಸಿ, ತಲೆ ಮುಂದೆ ಮಾಡಿಯೇ ಬರಬೇಕು. ಕತ್ತಿ ಎತ್ತುವುದಿರಲಿ, ಕೊರಳು ಎತ್ತಲಿಕ್ಕೂ ಎಡೆಯಿಲ್ಲ. ಒನಕೆಗೆ ಅದಕ್ಕಿಂತ ಅನುಕೂಲವಾದ ಯುದ್ಧಭೂಮಿ ಇನ್ನೊಂದಿರಲಾರದು! ತಣ್ಣೀರು ದೋಣಿ ಅಲ್ಲೇ ಹತ್ತಿರ. ಕಥೆಯನ್ನು ಕಟ್ಟಿದವರು ಯಾರೇ ಆಗಲಿ, ಈ ಜಾಗವನ್ನು ಅಂಗೈಯಷ್ಟು ಬಲ್ಲವರು.

ಈ ಹೆಂಗಸಿನ ಹೆಸರು ಇಂದು ನಾಡಿನ ಎಲ್ಲ ಮಕ್ಕಳಿಗೂ ಗೊತ್ತಿದ್ದರೆ ಅದರಲ್ಲಿ ಸಿನಿಮಾದ ಪಾಲು ದೊಡ್ಡದು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿಯನ್ನು ಆಚರಿಸುತ್ತಿದೆ. ಅರಸರ ಹೆಸರು ತುಂಬಿದ ಚರಿತ್ರೆಯಲ್ಲಿ ಕಾವಲುಗಾರನ ಹೆಂಡತಿಗೆ ಒಂದು ದಿನ ಸಿಕ್ಕಿತಲ್ಲ, ಅದು ಸಣ್ಣ ಮಾತಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಕಿಂಡಿಯ ಬಳಿ ನಾನು ಕುಳಿತಿದ್ದಾಗ ಕುಟುಂಬ ಸಮೇತ ಬಂದ ಒಬ್ಬರು ಮಗಳಿಗೆ ವಿವರಿಸುತ್ತಿದ್ದರು: “ಇಲ್ಲಿಂದಲೇ ನುಗ್ಗೋಕೆ ಬಂದ್ರು, ಆಯಮ್ಮ ಎಲ್ಲರನ್ನೂ ಕೊಂದ್ಲು, ಕೋಟೆ ಉಳೀತು.” ಹುಡುಗಿ ಕೇಳಿದಳು: “ಆಮೇಲೆ ಏನಾಯ್ತಪ್ಪಾ?” “ಆಮೇಲೇನು, ಅಷ್ಟೇ” ಎಂದರು ತಂದೆ.

ಹಾಡು ಅಲ್ಲಿಗೆ ಮುಗಿಯುತ್ತದೆ. ದುರ್ಗ ಅಲ್ಲಿಗೆ ಮುಗಿಯಲಿಲ್ಲ. 1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿನಾಯಕನು ಮರಾಠರಿಗೂ ಹೈದರನಿಗೂ ನಡುವೆ ಸಿಕ್ಕಿ, ಒಮ್ಮೆ ಇವರ ಕಡೆ ಒಮ್ಮೆ ಅವರ ಕಡೆ ವಾಲಿ ರಾಜ್ಯ ಉಳಿಸಿಕೊಳ್ಳಲು ಹೆಣಗಿದವನು. ಹೈದರನು ಮುತ್ತಿಗೆ ಹಾಕಿದ್ದು ಒಂದು ಸಲವಲ್ಲ. ದುರ್ಗದ ಬೇಡರು ಕಹಳೆ ಊದಿ ಕೋಟೆಯಿಂದ ಹೊರಬಿದ್ದು, ವೈರಿಗಳ ತಲೆ ತಂದು ದೇವಿಗೆ ಒಪ್ಪಿಸುತ್ತಿದ್ದ ಬಗೆಯನ್ನು ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. ಏಳು ಸುತ್ತಿನ ಕೋಟೆಯನ್ನು ಫಿರಂಗಿ ಒಡೆಯಲಾರದೆ ಹೋಯಿತು. 1779ರಲ್ಲಿ ಒಡೆದದ್ದು ಒಳಗಿನವರ ದ್ರೋಹ. ನಾಯಕನ ಸಂಬಳದಲ್ಲಿಯೇ ಇದ್ದ ಒಂದು ಪಡೆ ಹೈದರನ ಕಡೆಗೆ ತಿರುಗಿತು. ಮದಕರಿನಾಯಕನನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಬೇಡರನ್ನು ಸಾವಿರಗಟ್ಟಲೆಯಾಗಿ ಊರು ಬಿಡಿಸಿ ಅಲ್ಲಿಗೇ ಸಾಗಿಸಿದರು. ಅವರ ಹುಡುಗರಿಂದ ‘ಚೇಲಾ’ ಪಡೆಗಳನ್ನು ಕಟ್ಟಿದರು. ಕಿಂಡಿ ಕಾದವರ ಮಕ್ಕಳು ಮುತ್ತಿಗೆ ಹಾಕಿದವನ ಸಿಪಾಯಿಗಳಾದರು. ಇದಕ್ಕೆ ಹಾಡಿಲ್ಲ.

ತ. ರಾ. ಸು. ಅವರು ಇದನ್ನು ಬಿಡಲಿಲ್ಲ ಎಂಬುದನ್ನು ಹೇಳಲೇಬೇಕು. ದುರ್ಗದ ಪಾಳೆಯಗಾರರ ಕಥೆಯನ್ನು ಆಯುಷ್ಯವಿಡೀ ಬರೆದ ಆತ ಕೊನೆಗಾಲದಲ್ಲಿ, 1982ರಲ್ಲಿ, ‘ದುರ್ಗಾಸ್ತಮಾನ’ವನ್ನು ಕೊಟ್ಟರು. 1984ರಲ್ಲಿ ತೀರಿಕೊಂಡರು, ಆ ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮರುವರ್ಷ. ಒಬ್ಬನೇ ಲೇಖಕನ ಒಂದು ಕಥೆಯನ್ನು ನೋಡಿ ಲಕ್ಷಾಂತರ ಜನ ದುರ್ಗಕ್ಕೆ ಬರುತ್ತಾರೆ. ಅವನದೇ ಇನ್ನೊಂದು ಕಥೆಯನ್ನು ಓದಿ ಬರುವವರು ಎಷ್ಟೋ!

ದುರ್ಗದ ಹಳಮೆ ನಾಯಕರಿಂದಲೂ ಹಿಂದಕ್ಕೆ ಹೋಗುತ್ತದೆ. ಊರ ಪಕ್ಕದ ಚಂದ್ರವಳ್ಳಿಯಲ್ಲಿ ಕೆರೆಯ ಸಂಗತಿ ಹೇಳುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. 1947ರಲ್ಲಿ ವೀಲರ್ ಅಲ್ಲಿ ಅಗೆದು ನೋಡಿದ. ಅಲ್ಲಿನ ಮಣ್ಣಿನಲ್ಲಿ ರೋಮಿನ ನಾಣ್ಯ ಸಿಕ್ಕಿದೆ. ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿ, ಹಿಡಿಂಬನದೆಂದು ಹೇಳುವ ಹಲ್ಲು. ಆ ಹಲ್ಲನ್ನು ನೋಡಲು ಬಂದ ನಮ್ಮ ಅಜ್ಜಂದಿರಿಗೂ ರಾಮಾಚಾರಿಯ ಬಂಡೆ ಕೇಳುವ ಇಂದಿನವರಿಗೂ ಹೆಚ್ಚು ಅಂತರವಿಲ್ಲ.

“ನಾಯಕರ ಅರಮನೆ ಎಲ್ಲಪ್ಪ?” ಎಂದು ಕೇಳಿದೆ. ಮಾರ್ಗದರ್ಶಿ ನನ್ನನ್ನು ಒಂದು ಸಲ ನೋಡಿ, ಮೇಲಿನ ಸುತ್ತಿಗೆ ಕರೆದುಕೊಂಡು ಹೋದ. ಅಲ್ಲಿ ಕಲ್ಲಿಲ್ಲ, ಬರಿಯ ಮಣ್ಣಿನ ದಪ್ಪ ಗೋಡೆಗಳು, ಮಾಡಿಲ್ಲದೆ ಆಕಾಶಕ್ಕೆ ಬಾಯಿ ತೆರೆದು ನಿಂತಿವೆ. ಹತ್ತಿರದಲ್ಲಿಯೇ ಟಂಕಸಾಲೆ. ಎರಡು ಶತಮಾನಕ್ಕೂ ಮಿಕ್ಕಿದ ಮಳೆ ಆ ಮಣ್ಣನ್ನು ಪೂರ್ತಿಯಾಗಿ ಕರಗಿಸಲಾರದೆ ಹೋಗಿದೆ. ನಾನು ಅಲ್ಲಿದ್ದ ಒಂದು ಗಂಟೆಯಲ್ಲಿ ಆ ಕಡೆಗೆ ಬಂದವರು ಇಬ್ಬರು. ಅವರೂ ಬಿಸಿಲಿಗೆ ನೆರಳು ಹುಡುಕಿಕೊಂಡು ಬಂದವರು. ಕೆಳಗೆ ಕಿಂಡಿಯ ಕಡೆಯಿಂದ ಯಾರೋ ಮೊಬೈಲಿನಲ್ಲಿ ಅದೇ ಹಾಡನ್ನು ಹಾಕಿದ್ದು ಬಂಡೆಗಳ ಮೇಲೆ ಮಾರ್ದನಿಗೊಟ್ಟು ನಮ್ಮವರೆಗೂ ಕೇಳುತ್ತಿತ್ತು.