ರಾಬರ್ಟ್ ಫ್ಲಾಹರ್ಟಿ

ರಾಬರ್ಟ್ ಜೋಸೆಫ್ ಫ್ಲಾಹರ್ಟಿ (ಫೆಬ್ರವರಿ 16, 1884 – ಜುಲೈ 23, 1951) ಅಮೆರಿಕದ ಚಲನಚಿತ್ರ ನಿರ್ದೇಶಕರು. ಪೂರ್ಣಾವಧಿಯ ಸಾಕ್ಷ್ಯಚಿತ್ರವನ್ನು ಜನಪ್ರಿಯಗೊಳಿಸಿದವರಲ್ಲಿ ಮೊದಲಿಗರೆಂದು ಇವರನ್ನು ಪರಿಗಣಿಸಲಾಗಿದೆ. ಉತ್ತರ ಕೆನಡಾ, ಸಮೋವಾ, ಐರ್ಲೆಂಡಿನ ಆರನ್ ದ್ವೀಪಗಳು, ಮೈಸೂರು ಸಂಸ್ಥಾನ ಮತ್ತು ಲೂಯಿಸಿಯಾನಾಗಳಲ್ಲಿ ತಿಂಗಳುಗಟ್ಟಲೆ ನೆಲೆಸಿ ಚಿತ್ರೀಕರಿಸಿದ ಇವರ ಚಿತ್ರಗಳು ಎಷ್ಟು ಪ್ರಶಂಸೆ ಪಡೆದವೋ ಅಷ್ಟೇ ವಿವಾದಕ್ಕೂ ಒಳಗಾಗಿವೆ. ಇವರ ಕಾಗದಪತ್ರಗಳು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿವೆ.

ಆರಂಭಿಕ ಜೀವನ

ಫ್ಲಾಹರ್ಟಿ ಮಿಶಿಗನ್ ರಾಜ್ಯದ ಐರನ್ ಮೌಂಟನ್ ಎಂಬ ಗಣಿ ಪಟ್ಟಣದಲ್ಲಿ ಜನಿಸಿದರು. ತಂದೆ ಕಬ್ಬಿಣದ ಅದಿರಿನ ಅನ್ವೇಷಕರಾಗಿದ್ದರು. ಅವರೊಡನೆ ಕೆನಡಾದ ಕಾಡುಗಳಲ್ಲಿ ಸಂಚರಿಸುತ್ತ ಬಾಲ್ಯ ಕಳೆಯಿತು. ಮಿಶಿಗನ್ನಿನ ಗಣಿಗಾರಿಕಾ ಕಾಲೇಜಿನಲ್ಲಿ ಅವರ ವ್ಯಾಸಂಗ ಪೂರ್ಣಗೊಳ್ಳಲಿಲ್ಲ. 1910ರಲ್ಲಿ ರೈಲ್ವೆ ಉದ್ಯಮಿ ಸರ್ ವಿಲಿಯಂ ಮೆಕೆಂಜಿ ಅವರನ್ನು ಹಡ್ಸನ್ ಕೊಲ್ಲಿಯ ಪೂರ್ವ ತೀರಕ್ಕೆ ಅದಿರು ಶೋಧನೆಗಾಗಿ ಕಳುಹಿಸಿದರು. ಅಲ್ಲಿನ ಬೆಲ್ಚರ್ ದ್ವೀಪಸಮೂಹದ ದೊಡ್ಡ ದ್ವೀಪಕ್ಕೆ ಈಗ ಫ್ಲಾಹರ್ಟಿ ಅವರ ಹೆಸರಿದೆ. 1914ರಲ್ಲಿ ಅವರು ಫ್ರಾನ್ಸಿಸ್ ಹಬಾರ್ಡ್ ಅವರನ್ನು ವಿವಾಹವಾದರು. ಮುಂದಿನ ಹೆಚ್ಚಿನ ಚಿತ್ರಗಳಲ್ಲಿ ಫ್ರಾನ್ಸಿಸ್ ಸಹಭಾಗಿಯಾಗಿದ್ದರು.

1913ರ ಯಾತ್ರೆಗೆ ಹೊರಟಾಗ ಮೆಕೆಂಜಿಯವರ ಸಲಹೆಯಂತೆ ಫ್ಲಾಹರ್ಟಿ ಚಲನಚಿತ್ರ ಕ್ಯಾಮೆರಾವನ್ನೂ ಕೊಂಡೊಯ್ದರು. ಹೀಗೆ ಸಂಗ್ರಹಿಸಿದ ಸುಮಾರು 30,000 ಅಡಿ ನೆಗೆಟಿವ್ 1916ರಲ್ಲಿ ಟೊರಾಂಟೊದಲ್ಲಿ ಅವರದೇ ಸಿಗರೇಟಿನ ಕಿಡಿ ತಾಗಿ ಸುಟ್ಟುಹೋಯಿತು.

ಚಲನಚಿತ್ರಗಳು

ಫ್ರೆಂಚ್ ತುಪ್ಪಳ ವ್ಯಾಪಾರ ಸಂಸ್ಥೆಯಾದ ರೆವಿಯೋನ್ ಫ್ರೇರ್‌ನ ನೆರವಿನಿಂದ ಅವರು 1920–21ರಲ್ಲಿ ಕ್ವಿಬೆಕ್ಕಿನ ಉತ್ತರದಲ್ಲಿರುವ ಈಗಿನ ಇನುಕ್ಜುವಾಕ್‌ನಲ್ಲಿ ಹೊಸದಾಗಿ ಚಿತ್ರೀಕರಣ ನಡೆಸಿದರು. 'ನಾನೂಕ್ ಆಫ್ ದ ನಾರ್ತ್' 1922ರಲ್ಲಿ ಬಿಡುಗಡೆಯಾಯಿತು. ಚಿತ್ರೀಕರಿಸಿದ್ದನ್ನು ಸ್ಥಳದಲ್ಲೇ ಸಂಸ್ಕರಿಸಿ ಇನ್ಯುಯಿಟ್ ಜನರಿಗೆ ತೋರಿಸಿ, ಮುಂದಿನ ದೃಶ್ಯಗಳನ್ನು ಅವರೊಡನೆ ಚರ್ಚಿಸುವುದು ಫ್ಲಾಹರ್ಟಿ ಅವರ ಕ್ರಮವಾಗಿತ್ತು.

ಸಮೋವಾದ ಸವಾಯಿ ದ್ವೀಪದಲ್ಲಿ ತಯಾರಾದ 'ಮೊವಾನಾ' (1926) ಚಿತ್ರವನ್ನು ವಿಮರ್ಶಿಸುವಾಗ ಜಾನ್ ಗ್ರಿಯರ್ಸನ್ 'ಡಾಕ್ಯುಮೆಂಟರಿ' ಎಂಬ ಪದವನ್ನು ಬಳಸಿದರು. ಈ ಪ್ರಕಾರಕ್ಕೆ ಅದೇ ಹೆಸರು ನಿಂತಿತು. 'ಮ್ಯಾನ್ ಆಫ್ ಆರನ್' (1934) ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿತು. ಅಮೆರಿಕದ ಕೃಷಿ ಇಲಾಖೆಗಾಗಿ ಮಾಡಿದ 'ದ ಲ್ಯಾಂಡ್' (1942) ಹೆಚ್ಚಿನ ಪ್ರದರ್ಶನ ಕಾಣಲಿಲ್ಲ. ಕೊನೆಯ ಪ್ರಮುಖ ಚಿತ್ರ 'ಲೂಯಿಸಿಯಾನಾ ಸ್ಟೋರಿ' (1948) ತೈಲ ಕಂಪನಿಯೊಂದರ ಹಣದಿಂದ ನಿರ್ಮಾಣವಾಯಿತು. ಅದರ ಸಂಗೀತಕ್ಕಾಗಿ ವರ್ಜಿಲ್ ಥಾಮ್ಸನ್ 1949ರ ಪುಲಿಟ್ಜರ್ ಪ್ರಶಸ್ತಿ ಪಡೆದರು.

ಮೈಸೂರಿನಲ್ಲಿ

ರಡ್ಯಾರ್ಡ್ ಕಿಪ್ಲಿಂಗ್ ಅವರ ಕಥೆಯನ್ನು ಆಧರಿಸಿದ 'ಎಲಿಫೆಂಟ್ ಬಾಯ್' (1937) ಚಿತ್ರಕ್ಕಾಗಿ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಿತ್ತು. ಕಾರಾಪುರದಲ್ಲಿ ಹುಟ್ಟಿ, ಅರಮನೆಯ ಆನೆಲಾಯದ ಆಶ್ರಯದಲ್ಲಿದ್ದ ಮಾವುತನ ಮಗ ಸಾಬು ನಾಯಕ ಪಾತ್ರಕ್ಕೆ ಆಯ್ಕೆಯಾದನು. ಕೆಲಸ ನಿಧಾನವಾಗಿ ಸಾಗುತ್ತಿದ್ದುದರಿಂದ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ತಂಡವನ್ನು ಇಂಗ್ಲೆಂಡಿಗೆ ಕರೆಸಿಕೊಂಡರು. ಕಥಾಭಾಗವನ್ನು ಅವರ ಸಹೋದರ ಜೋಲ್ಟಾನ್ ಕೊರ್ಡಾ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. ಇಬ್ಬರಿಗೂ ವೆನಿಸ್‌ನಲ್ಲಿ ನಿರ್ದೇಶನ ಪ್ರಶಸ್ತಿ ದೊರೆಯಿತು. ಸಾಬು ಮುಂದೆ ಹಾಲಿವುಡ್ ನಟನಾಗಿ ಪ್ರಸಿದ್ಧನಾದನು. ಮೈಸೂರಿನಿಂದ ಬರೆದ ಪತ್ರಗಳನ್ನು ಆಧರಿಸಿ ಫ್ರಾನ್ಸಿಸ್ 'ಎಲಿಫೆಂಟ್ ಡಾನ್ಸ್' (1937) ಎಂಬ ಪುಸ್ತಕವನ್ನು ಪ್ರಕಟಿಸಿದರು.

ವಿವಾದ

ಫ್ಲಾಹರ್ಟಿ ಕಣ್ಣೆದುರಿನ ಬದುಕಿಗಿಂತ ಹಿಂದಿನ ಬದುಕನ್ನು ಪುನರ್ರಚಿಸಿ ತೋರಿಸಿದರೆಂಬುದು ಮುಖ್ಯ ಟೀಕೆ. ನಾನೂಕ್ ಪಾತ್ರಧಾರಿಯ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಚಿತ್ರದಲ್ಲಿನ ಕುಟುಂಬ ಅವರದಾಗಿರಲಿಲ್ಲ. ಒಳಾಂಗಣಕ್ಕೆ ಬೆಳಕು ಬೀಳಲೆಂದು ಅರ್ಧ ತೆರೆದ ಹಿಮಮನೆಯನ್ನು ಕಟ್ಟಲಾಗಿತ್ತು. ಆರನ್ ದ್ವೀಪದವರು ದಶಕಗಳ ಹಿಂದೆಯೇ ಬಿಟ್ಟಿದ್ದ ಶಾರ್ಕ್ ಬೇಟೆಯನ್ನು ಚಿತ್ರಕ್ಕಾಗಿ ಹೊಸದಾಗಿ ಕಲಿಯಬೇಕಾಯಿತು. ಅಲ್ಲಕರಿಯಲ್ಲಕ್ ಹಸಿವಿನಿಂದ ಮೃತಪಟ್ಟರೆಂದು ಫ್ಲಾಹರ್ಟಿ ಹೇಳಿದ್ದರು. ಕ್ಷಯರೋಗವೇ ಕಾರಣವಾಗಿರಬಹುದೆಂದು ನಂತರದ ಲೇಖಕರು ಅಭಿಪ್ರಾಯಪಟ್ಟಿದ್ದಾರೆ. ಇನುಕ್ಜುವಾಕ್‌ನಲ್ಲಿ ಫ್ಲಾಹರ್ಟಿ ಅವರಿಗೆ ಇನ್ಯುಯಿಟ್ ಮಹಿಳೆಯಿಂದ ಜನಿಸಿದ ಮಗನನ್ನು 1950ರ ದಶಕದಲ್ಲಿ ಕೆನಡಾ ಸರ್ಕಾರ ಇತರ ಕುಟುಂಬಗಳೊಂದಿಗೆ ದೂರದ ಧ್ರುವ ಪ್ರದೇಶಕ್ಕೆ ಸ್ಥಳಾಂತರಿಸಿತು. ಈ ಸ್ಥಳಾಂತರಕ್ಕಾಗಿ ಸರ್ಕಾರ 2010ರಲ್ಲಿ ಕ್ಷಮೆ ಕೋರಿತು.

ಕಾಗದಪತ್ರಗಳ ಸಂಗ್ರಹ

ಕೊಲಂಬಿಯಾ ವಿಶ್ವವಿದ್ಯಾಲಯದ ಅಪೂರ್ವ ಗ್ರಂಥ ಮತ್ತು ಹಸ್ತಪ್ರತಿ ವಿಭಾಗದಲ್ಲಿರುವ ಸಂಗ್ರಹವು ಪತ್ರವ್ಯವಹಾರ, ದಿನಚರಿಗಳು, ಬರಹಗಳ ಕರಡುಗಳು ಮತ್ತು ಛಾಯಾಚಿತ್ರಗಳನ್ನು ಒಳಗೊಂಡಿದೆ. ಮೊದಲ ಚಿತ್ರದ ನೆಗೆಟಿವ್ ಸುಟ್ಟುಹೋಗಿರುವುದರಿಂದ ಆ ಅವಧಿಯ ಅಧ್ಯಯನಕ್ಕೆ ದಿನಚರಿಗಳೇ ಪ್ರಮುಖ ಆಧಾರ. 1915ರಲ್ಲಿ ದಂಪತಿ ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಕರ್ಟಿಸ್ ಅವರನ್ನು ಭೇಟಿಯಾಗಿ, ಮೂಲನಿವಾಸಿಗಳನ್ನೇ ಪಾತ್ರಧಾರಿಗಳಾಗಿಸಿ ಹಿಂದಿನ ಬದುಕನ್ನು ಮರುಸೃಷ್ಟಿಸಿದ ಅವರ ಚಿತ್ರವನ್ನು ನೋಡಿದ್ದು ಫ್ರಾನ್ಸಿಸ್ ಅವರ ದಿನಚರಿಯಿಂದ ತಿಳಿದುಬರುತ್ತದೆ. ಪುನರ್ರಚನೆಯ ವಿಧಾನಕ್ಕೆ ಪೂರ್ವನಿದರ್ಶನವಿತ್ತು ಎಂಬುದಕ್ಕೂ, ಚಿತ್ರಗಳ ಯೋಜನೆಯಲ್ಲಿ ಫ್ರಾನ್ಸಿಸ್ ಅವರ ಪಾತ್ರಕ್ಕೂ ಇಂತಹ ದಾಖಲೆಗಳು ಪುರಾವೆ ಒದಗಿಸುತ್ತವೆ. ಮಾನವಶಾಸ್ತ್ರಜ್ಞ ಜೇ ರೂಬಿ 1980ರಲ್ಲಿ ಈ ದಿನಚರಿಗಳ ಆಧಾರದಿಂದ ಫ್ಲಾಹರ್ಟಿ ಅವರ ಆರಂಭಿಕ ವೃತ್ತಿಜೀವನವನ್ನು ಮರುಪರಿಶೀಲಿಸಿ, ಇನ್ಯುಯಿಟ್ ಜನರ ಸಹಭಾಗಿತ್ವಕ್ಕೆ ಒತ್ತು ನೀಡಿದರು.

ನಿಧನ ಮತ್ತು ಪರಂಪರೆ

ಫ್ಲಾಹರ್ಟಿ ವರ್ಮಾಂಟ್ ರಾಜ್ಯದ ಡಮ್ಮರ್ಸ್ಟನ್‌ನಲ್ಲಿ ನಿಧನರಾದರು. 1955ರಲ್ಲಿ ಅಲ್ಲಿನ ತೋಟದ ಮನೆಯಲ್ಲಿ ಫ್ರಾನ್ಸಿಸ್ ಆರಂಭಿಸಿದ ವಿಚಾರಗೋಷ್ಠಿಯು 'ಫ್ಲಾಹರ್ಟಿ ಸೆಮಿನಾರ್' ಎಂಬ ಹೆಸರಿನಲ್ಲಿ ಮುಂದುವರಿದಿದೆ. 1989ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಆಯ್ಕೆಯಾದ ಮೊದಲ 25 ಚಿತ್ರಗಳಲ್ಲಿ 'ನಾನೂಕ್ ಆಫ್ ದ ನಾರ್ತ್' ಒಂದು.