ಅಮಲಿಗೆ ಅಂಕುಶ: ದೇವರ ಆಣೆ, ಮನೆಯ ಆಸರೆ

ಕಾರ್ಕಳದಲ್ಲಿ 1432ರಿಂದ ನಿಂತಿರುವ ಗೊಮ್ಮಟನಿಗೆ ಕೈಮುಗಿಯುವ ಜೈನ ಗೃಹಸ್ಥರಿಗೆ ಮದ್ಯತ್ಯಾಗ ಮೂಲಗುಣಗಳಲ್ಲೊಂದು. ಅದೇ ಕಾರ್ಕಳ, ಕಾಪು, ಉಡುಪಿಯ ಹಳ್ಳಿಗಳಲ್ಲಿ ಕೆಲವು ದೈವಗಳಿಗೆ ಶೇಂದಿ ಅರ್ಪಿಸುವ ಪದ್ಧತಿಯೂ ಉಂಟು. ಇಸ್ಲಾಮಿನಲ್ಲಿ ಮದ್ಯ ನಿಷಿದ್ಧ; ಚರ್ಚಿನ ಪೂಜೆಯಲ್ಲಿ ದ್ರಾಕ್ಷಾರಸಕ್ಕೆ ಸ್ಥಾನವಿದೆ. ಹೀಗಿರುವಾಗ ಯುವಕರನ್ನು ಅಮಲಿನಿಂದ ದೂರವಿಡಲು ಧರ್ಮವೊಂದೇ ಸಾಕೆ? ಕರಾವಳಿಯ ಇತಿಹಾಸ ನೋಡಿದರೆ, ಧರ್ಮದ ಮಾತು ಮನೆಯೊಳಗೆ ನೆಲೆಸಬೇಕು ಎನಿಸುತ್ತದೆ.

ಇಲ್ಲಿನ ಅನೇಕ ಬಿಲ್ಲವ ಕುಟುಂಬಗಳಿಗೆ ಶೇಂದಿ ಇಳಿಸುವ ಮೂರ್ತೆದಾರಿಕೆ ತಲೆತಲಾಂತರದ ಕಸುಬು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, ಮದ್ಯವನ್ನು ವಿಷವೆಂದು ಕರೆದು ಅದನ್ನು ತಯಾರಿಸುವುದು, ಮಾರುವುದು, ಕುಡಿಯುವುದು ಮೂರೂ ಸಲ್ಲದೆಂದರು. ಇದು ಕುಡಿಯುವವನಿಗಷ್ಟೇ ಅಲ್ಲ, ಆ ಕಸುಬಿನಿಂದ ಒಲೆ ಉರಿಸುತ್ತಿದ್ದ ಮನೆಗೂ ಹೇಳಿದ ಮಾತು. ಬರೀ ಬೇಡವೆಂದರೆ ಹೊಟ್ಟೆ ತುಂಬದು. ವಿದ್ಯೆ ಮತ್ತು ಉದ್ಯಮದ ದಾರಿಯನ್ನೂ ಗುರುಗಳು ತೋರಿಸಿದ್ದರು.

ಬಳಿಕ ಕಾನೂನು ಬಂತು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ 1948ರ ಹೊತ್ತಿಗೆ ಪಾನನಿರೋಧ ಜಾರಿಯಾಯಿತು. ಕಳ್ಳಭಟ್ಟಿ ಮಾತ್ರ ನಿಲ್ಲಲಿಲ್ಲ. 1960ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ನಿರೋಧವನ್ನೇ ಸಡಿಲಿಸಿತು.

ನಂತರದ ದೊಡ್ಡ ಪ್ರಯತ್ನ ನಡೆದದ್ದು ಕಾರ್ಕಳದ ನೆರೆಯ ಬೆಳ್ತಂಗಡಿ ತಾಲೂಕಿನಲ್ಲಿ. 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, 1990ರ ದಶಕದಲ್ಲಿ ಮದ್ಯವರ್ಜನ ಶಿಬಿರಗಳನ್ನು ಊರೂರಿಗೆ ಒಯ್ದಿತು. ಶಿಬಿರದಲ್ಲಿ ವೈದ್ಯರ ತಪಾಸಣೆ, ಆಪ್ತಸಲಹೆ, ಯೋಗ, ಭಜನೆಗಳಿರುತ್ತವೆ. ಶಿಬಿರಾರ್ಥಿಯ ಮನೆಯವರನ್ನೂ ಕರೆದು ಮಾತನಾಡಿಸುತ್ತಾರೆ. ಚಟ ಬಿಟ್ಟವನು ಮರಳಬೇಕಾದುದು ಅದೇ ಮನೆಗೆ, ಅದೇ ಗೆಳೆಯರ ನಡುವೆ. ಆದ್ದರಿಂದ ಶಿಬಿರದ ನಂತರವೂ ಜೊತೆಗಿರಲು ನವಜೀವನ ಸಮಿತಿಗಳಿವೆ.

ಇಂದಿನ ಸಮಸ್ಯೆಯ ಸ್ವರೂಪ ಬೇರೆ. 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮಣಿಪಾಲಕ್ಕೆ ಈಗ ದೇಶದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ಅಜ್ಜಿಯ ಗದರಿಕೆ ಇಲ್ಲ, ಸಂಜೆಯ ದೀಪ ಹಚ್ಚುವವರಿಲ್ಲ. ಶೇಂದಿಯ ವಾಸನೆ ಮನೆಗೆ ತಿಳಿಯುತ್ತಿತ್ತು. ಗಾಂಜಾ, ಮಾತ್ರೆಗಳ ಸುಳಿವು ದೂರದ ತಂದೆತಾಯಿಗೆ ಸಿಗುವುದು ತಡವಾಗಿ. 1985ರ ಮಾದಕ ವಸ್ತು ಕಾಯಿದೆ ಪೊಲೀಸರಿಗೆ ಅಧಿಕಾರ ಕೊಟ್ಟಿದೆ. ಆದರೆ ಮಗನ ಮುಖ ನೋಡಿ ‘ಏನಾಯಿತು?’ ಎಂದು ಕೇಳಬೇಕಾದವರು ಮನೆಯವರೇ.

ಊರಿನ ಮನೆಗಳಲ್ಲಿ ತೊಡಕು ಇನ್ನೊಂದು. ಮರ್ಯಾದೆಗೆ ಅಂಜಿ ವಿಷಯ ಮುಚ್ಚಿಡುವುದು, ದೇವರ ಮುಂದೆ ಆಣೆ ಹಾಕಿಸಿ ಎಲ್ಲ ಮುಗಿಯಿತೆಂದು ತಿಳಿಯುವುದು. ಆಣೆ ಮುರಿದ ಹುಡುಗನಿಗೆ ಚಟದ ಜೊತೆಗೆ ಪಾಪದ ಭಯವೂ ಸೇರಿ ಅವನು ಮತ್ತಷ್ಟು ಅಡಗುತ್ತಾನೆ. ವ್ಯಸನ ಕಾಯಿಲೆ, ಅದಕ್ಕೆ ಉಡುಪಿ, ಮಣಿಪಾಲದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯಿದೆ. ಹರಕೆ ಹೊತ್ತ ತಾಯಿ ಮಗನನ್ನು ವೈದ್ಯರ ಬಳಿಗೂ ಕರೆದೊಯ್ದರೆ ದೈವ ಮುನಿಯಲಾರದು.