ಇಳಕಲ್ ಸೀರೆ: ದುಡಿಮೆ ಮನೆಮಂದಿಯದು, ಕೂಲಿ ಒಬ್ಬರದು

ಕೈಮಗ್ಗದ ಉಳಿವಿಗೆ 1985ರಲ್ಲಿ ಮೀಸಲಾತಿ ಕಾಯ್ದೆ ಬಂತು. 2007ರಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಎರಡೂ ಸೀರೆಯನ್ನು ಕಾಯ್ದವು; ನೇಯುವ ಮನೆಯ ದುಡಿಮೆಯನ್ನು ಲೆಕ್ಕಕ್ಕೆ ತರಲಿಲ್ಲ.

ಮಾಲೀಕರು ಕೊಟ್ಟ ನೂಲನ್ನು ನೇಕಾರ ಕುಣಿಮಗ್ಗದಲ್ಲಿ ನೇಯುತ್ತಾನೆ. ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಒಡಲಿಗೆ ರೇಷ್ಮೆ ಸೆರಗನ್ನು ಕೊಂಡಿ ಹಾಕಿ ಜೋಡಿಸಲು ಮನೆಮಂದಿ ಕೈಗೂಡಿಸುತ್ತಾರೆ. ಕೂಲಿ ಮಾತ್ರ ಸೀರೆಗಿಷ್ಟು ಎಂದು ಒಬ್ಬನ ಹೆಸರಿಗೆ. ಮಾಲೀಕರ ಮಕ್ಕಳಿಗೆ ಬಂಡವಾಳ ಪಿತ್ರಾರ್ಜಿತವಾದರೆ, ಕೂಲಿ ನೇಕಾರನ ಮಕ್ಕಳಿಗೆ ಮುಂಗಡದ ಸಾಲವೇ ಪಿತ್ರಾರ್ಜಿತ. ಕಣ್ಣು ಮಂಜಾದ ದಿನ ಕೂಲಿಯೂ ನಿಲ್ಲುತ್ತದೆ.

ನಿಮ್ಮ ಶಾಲೆಯ ಶುಲ್ಕದಲ್ಲಿ ತಾಯಿ ಸುತ್ತಿದ ಕಂಡಿಕೆಯ ಪಾಲೆಷ್ಟು? ಲೆಕ್ಕ ಕಲಿತ ನೀವು ಮೊದಲು ಅದನ್ನು ಬರೆದಿಡಿ.